ಒಂಬತ್ತನೆಯ ಬಾಗಿಲು

ಹತ್ತು ಸಾವಿರ ಆಟಗಾರರು ಕೋಟೆಯೊಳಗೆ ಓಡುತ್ತಿದ್ದರು. ಒಬ್ಬನಿಗೂ ಮೈಯೆಂಬುದಿರಲಿಲ್ಲ. ಹುಬ್ಬಳ್ಳಿಯ ಬುಗುರಿ ಸ್ಟುಡಿಯೋದ ಗೋಡೆಯಗಲದ ಪರದೆಯ ಮೇಲೆ ಅವರು ಸಾಸಿವೆಯಷ್ಟು ಚುಕ್ಕಿಗಳಾಗಿ ಕಾಣುತ್ತಿದ್ದರು. ಅವರನ್ನು ಹುಟ್ಟಿಸಿದ್ದು 'ಪ್ರತಿಕ್ರೀಡಕ' ಎಂಬ ಹೊಸ ಯಂತ್ರ. ಒಂದು ವಿಡಿಯೋ ಗೇಮನ್ನು ಮನುಷ್ಯರು ತಿಂಗಳುಗಟ್ಟಲೆ ಆಡಿ ಪರೀಕ್ಷಿಸುವ ಕೆಲಸವನ್ನು ಅದು ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತದೆಂದು ಅದರ ವಿಜ್ಞಾನಿ ಡಾ. ಪ್ರಮೀಳಾ ಮೈಸೂರಿನಿಂದ ಬಂದು ಭರವಸೆ ಕೊಟ್ಟಿದ್ದರು.

ಬುಗುರಿಗೆ ಆ ಭರವಸೆ ಬೇಕೇ ಬೇಕಿತ್ತು. ಹಿಂದಿನ ಮೂರು ಆಟಗಳು ನೆಲಕಚ್ಚಿದ್ದವು. ಈ 'ಒಂಬತ್ತು ಬಾಗಿಲ ಕೋಟೆ'ಯನ್ನು ಯಂತ್ರದ ಆಟಗಾರರು ಸಂಜೆ ಐದರೊಳಗೆ ಆಡಿ ಮುಗಿಸಿದರೆ ವಿತರಕರು ಒಪ್ಪುತ್ತಾರೆ. ಇಲ್ಲವಾದರೆ ಇಪ್ಪತ್ತೆಂಟು ವರ್ಷದ ಸ್ಟುಡಿಯೋಗೆ ಬೀಗ.

ನಾಲ್ಕೂಕಾಲಿಗೆ ಚುಕ್ಕಿಗಳೆಲ್ಲ ಒಂಬತ್ತನೆಯ ಬಾಗಿಲಿಗೆ ಬಂದವು. ಬಂದು ನಿಂತೇಬಿಟ್ಟವು.

"ಬಾಗಲಾ ತೆರದೈತಲ್ರೀ! ಯಾಕ ನಿಂತ್ವು ಇವು?" ಮಾಲೀಕ ಗುರುನಾಥ ಯಲಿಗಾರ ಕುರ್ಚಿಯಿಂದೆದ್ದ.

ಪ್ರಮೀಳಾ ಅಂಕಿಗಳನ್ನು ನೋಡಿದರು. "ಆಟದಲ್ಲಿ ದೋಷವಿಲ್ಲ. ಇವರು ಕಾಯುತ್ತಿದ್ದಾರೆ. ಒಬ್ಬ ಮಾತ್ರ ಇನ್ನೂ ನಾಲ್ಕನೆಯ ಬಾಗಿಲಲ್ಲಿದ್ದಾನೆ, ಐದರೊಳಗೆ ಇಲ್ಲಿಗೆ ಮುಟ್ಟಲಾರ."

ಹಿಂದೆ ಗೋಡೆಗೊರಗಿ ನಿಂತಿದ್ದ ಈರಣ್ಣ ಬಡಿಗೇರನಿಗೆ ನಗು ಬಂತು. ಸ್ಟುಡಿಯೋ ಹುಟ್ಟಿದಾಗಿನಿಂದಲೂ ಆಟಗಳನ್ನು ಆಡಿ ತಪ್ಪು ಹುಡುಕುವುದು ಅವನ ಕೆಲಸ. "ಅಂವಾ ನಾನ ರೀ ಅಕ್ಕಾರ."

ಬುಗುರಿ ಶುರುವಾದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಪರೀಕ್ಷಕರು ಆರು ಜನ. ಮೊದಲು ಮುಗಿಸಿದವನು ಕೊನೆಯ ಗುಟ್ಟನ್ನು ಉಳಿದವರಿಗೆ ಒದರಿಬಿಟ್ಟರೆ ಪರೀಕ್ಷೆ ಕೆಡುತ್ತಿತ್ತು. ಅದಕ್ಕೆ ಕೊನೆಯ ಬಾಗಿಲನ್ನು ಎಲ್ಲರೂ ಕೂಡಿಯೇ ದಾಟಬೇಕೆಂದು ಕಟ್ಟಳೆ ಮಾಡಿಕೊಂಡರು. ಹದಿಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಈರಣ್ಣನ ಬಲಗೈ ನಡುಗತೊಡಗಿತು. ಅವನು ಹಿಂದೆ ಬೀಳತೊಡಗಿದ. ಉಳಿದವರು ಗಿರಮಿಟ್ಟು ತಿನ್ನುತ್ತ, ಅವನನ್ನು ಕಾಡಿಸುತ್ತ, ಬಾಗಿಲಲ್ಲಿ ಕಾಯುತ್ತಿದ್ದರು. ಬಿಟ್ಟು ಮುಂದೆ ಹೋದವರು ಒಬ್ಬರೂ ಇಲ್ಲ.

ಪ್ರತಿಕ್ರೀಡಕಕ್ಕೆ ಉಣಿಸಿದ್ದು ಆ ಆರು ಜನರ ಆಟದ ದಾಖಲೆಗಳನ್ನೇ. ಹತ್ತು ಸಾವಿರದಲ್ಲಿ ಒಂದು ಚುಕ್ಕಿ ಮಾತ್ರ ಈರಣ್ಣನ ನಡುಗುವ ಕೈಯ ಆಟದಿಂದ ಹುಟ್ಟಿತ್ತು. ಯಂತ್ರಕ್ಕೆ ಇದು ಕಲಿ, ಇದು ಬಿಡು ಎಂದು ಯಾರೂ ಹೇಳಿರಲಿಲ್ಲ. ಅಜ್ಜನ ಮಾತು ಕಲಿಯುವ ಕೂಸು ಅಜ್ಜನ ಕೆಮ್ಮನ್ನೂ ಕಲಿತಂತೆ, ಅದು ಓಡುವುದನ್ನೂ ಕಲಿತಿತ್ತು, ಕಾಯುವುದನ್ನೂ ಕಲಿತಿತ್ತು.

"ಆ ಒಬ್ಬನ್ನ ತಗದಬಿಟ್ರ?" ಗುರುನಾಥ ಈರಣ್ಣನ ಮುಖ ನೋಡದೆ ಕೇಳಿದ.

"ತೆಗೆಯಬಹುದು. ಆದರೆ ಅವನನ್ನು ಮತ್ತೆ ಬೆಳೆಸಲು ಒಂದು ದಿನ ಹಿಡಿಯುತ್ತದೆ. ಈರಣ್ಣನವರೇ, ನೀವೇನಂತೀರಿ?"

"ಒಬ್ಬನ ಸಲುವಾಗಿ ಇಲ್ಲಿ ದುಡಿಯೋ ಮೂವತ್ತು ಮಂದಿ ಮನಿ ಒಲಿ ಆರೂದು ಬ್ಯಾಡ್ರೀ. ತಗೀರಿ ನನ್ನ." ಹಾಗೆಂದು ಆ ಚುಕ್ಕಿಯನ್ನೇ ನೋಡುತ್ತ ನಿಂತ.

ನಾಲ್ಕೂ ಮೂವತ್ತೈದಕ್ಕೆ ಪ್ರಮೀಳಾ ಗುಂಡಿ ಒತ್ತಿದರು. ನಾಲ್ಕನೆಯ ಬಾಗಿಲ ಚುಕ್ಕಿ ಅಳಿಸಿಹೋಯಿತು.

ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಂಬತ್ತನೆಯ ಬಾಗಿಲಲ್ಲಿದ್ದ ಒಂದು ಚುಕ್ಕಿ ಹಿಂದಕ್ಕೆ ತಿರುಗಿತು. ಇನ್ನೊಂದು ತಿರುಗಿತು. ನೋಡನೋಡುತ್ತ ಗುಂಪಿಗೆ ಗುಂಪೇ ತಿರುಗಿ ಎಂಟನೆಯ ಬಾಗಿಲಿನೊಳಗೆ ಮರಳಿ ನುಗ್ಗಿತು.

"ಏ, ಎತ್ತ ಹೊಂಟ್ರಿ? ಮುಂದ ಹೋಗ್ರೋ ಮಾರಾಯ್ರಾ!" ಗುರುನಾಥ ಪರದೆಗೆ ಕೂಗಿದ. ಕೇಳುವವರು ಯಾರು?

ಚುಕ್ಕಿಗಳು ಕೋಟೆಯ ಬಾವಿಗಳಲ್ಲಿ ಇಣುಕಿದವು, ಕಣಜಗಳಿಗೆ ಇಳಿದವು. ಆಟಗಾರ ದಾರಿ ತಪ್ಪಿದರೆ ಕೂಗು ಹಾಕಲೆಂದು ಇಟ್ಟಿದ್ದ ಗುಂಡಿಯನ್ನು ಎಲ್ಲವೂ ಒತ್ತತೊಡಗಿದವು. ಸ್ಪೀಕರಿನ ತುಂಬ ಕೂಗೋ ಕೂಗು.

"ಏನ್ ಹುಡುಕಾಕತ್ತಾವ್ರೀ ಅಕ್ಕಾರ?" ಈರಣ್ಣ ಕೇಳಿದ.

"ನಿಮ್ಮನ್ನು," ಎಂದರು ಪ್ರಮೀಳಾ. "ಇದನ್ನು ನಾನು ಬರೆದಿಲ್ಲ. ದೇವರಾಣೆ ಬರೆದಿಲ್ಲ."

ಐದಕ್ಕೆ ಹತ್ತು ನಿಮಿಷ. ಈರಣ್ಣ ಕುರ್ಚಿ ಎಳೆದುಕೊಂಡು ಕೂತ. ನಡುಗುವ ಕೈಯಲ್ಲಿ ಆಟದ ಕಂಟ್ರೋಲರನ್ನು ಹಿಡಿದು ಮೊದಲನೆಯ ಬಾಗಿಲಿನಿಂದ ಒಳಹೊಕ್ಕ. ಕಂದಕ ಹಾರಲು ಹೋಗಿ ಎರಡು ಸಲ ಬಿದ್ದ. ಹತ್ತಿರದಲ್ಲಿದ್ದ ಚುಕ್ಕಿ ಆ ಬೀಳುವ ರೀತಿಯನ್ನು ಗುರುತಿಸಿ ಅವನ ಪಕ್ಕಕ್ಕೆ ಬಂದು ನಿಂತಿತು. ಕೂಗು ಒಂದೊಂದಾಗಿ ಅಡಗಿತು. ಕೋಟೆಯ ಮೂಲೆಮೂಲೆಯಿಂದ ಬಂದ ಚುಕ್ಕಿಗಳು ಅವನನ್ನು ಸುತ್ತುವರಿದು ಅವನಷ್ಟೇ ನಿಧಾನಕ್ಕೆ ನಡೆಯತೊಡಗಿದವು.

ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಐದು ಹೊಡೆಯಿತು. ವಿತರಕರ ಫೋನು ಬಂತು. ಗುರುನಾಥ ಅದನ್ನು ಎತ್ತಲಿಲ್ಲ, ಈರಣ್ಣನ ಪಕ್ಕದ ಕುರ್ಚಿಯಲ್ಲಿ ಬಂದು ಕೂತ. ಬೇಗ ನಡಿ ಎಂದು ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ.