ವೆಂಡಲ್ ಒಪ್ಪದ ಬೆಲೆ

ಹಳೆಯ ಗಾಡಿಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ನೆಬ್ರಾಸ್ಕದಲ್ಲಿ, ಅರ್ಡಿತ್ ಅಜ್ಜಿಯ ಕೊಟ್ಟಿಗೆಯಲ್ಲಿ ಒಂದು ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮನೆಯ ಛಾವಣಿ ಸೋರುತ್ತಿತ್ತು. ಅದರ ರಿಪೇರಿಗೆಂದು ಅಜ್ಜಿ, ತೀರಿಹೋದ ತಮ್ಮ ಗಂಡ ವೆಂಡಲ್‌ನ ಹಸಿರು ಪಿಕಪ್ ಟ್ರಕ್ಕನ್ನು ಮಾರಲು ಹೊರಟಿದ್ದರು. ಅವನು ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಬಾನೆಟ್ ಎತ್ತಿದೆ, ಬ್ಯಾಟರಿಯೇ ಇರಲಿಲ್ಲ. ಆದರೂ ಇಂಜಿನ್ ಮುಟ್ಟಿದರೆ ಈಗಷ್ಟೇ ಪೇಟೆಗೆ ಹೋಗಿಬಂದಂತೆ ಬಿಸಿ.

ಅಡಿಭಾಗದ ತುಕ್ಕನ್ನೆಲ್ಲ ನೋಡಿ, “ಹನ್ನೆರಡು ಸಾವಿರ ಡಾಲರ್ ಬರಬಹುದು ಅಜ್ಜಿ,” ಎಂದೆ.

ಹಾರನ್ ‘ಪೋಂ’ ಎಂದಿತು. ನಾನು ಬೆಚ್ಚಿಬಿದ್ದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕಡಿಮೆ ಆಯ್ತಂತೆ ಕಣಪ್ಪಾ! ಬದುಕಿದ್ದಾಗ್ಲೂ ಹಿಂಗೇ, ಚೌಕಾಸಿ ಮಾಡ್ದೆ ಬಿಡ್ತಿರ್ಲಿಲ್ಲ.”

“ಹದಿನೈದು?” ಎಂದೆ. ಮತ್ತೆ ಪೋಂ. “ಇಪ್ಪತ್ತು?” ಈ ಸಲ ಹಾರನ್ ಬಿಡದೆ ಕೂಗತೊಡಗಿತು.

“ಸಾಕು, ನಿಲ್ಸು ವೆಂಡಲ್! ಮಾರಲ್ಲ, ಆಯ್ತಾ? ಸೋರೋ ಕಡೆ ಪಾತ್ರೆ ಇಡ್ತೀನಿ!”

ಹಾರನ್ ನಿಂತಿತು. ಎಲ್ಲಿಂದಲೋ ಚುಟ್ಟಾದ ಹೊಗೆಯ ವಾಸನೆ ಬಂತು.

ಅಜ್ಜಿ ಲಂಗ ಎತ್ತಿ ಹಿಡಿದು, ಹದಿಹರೆಯದ ಹುಡುಗಿಯಂತೆ ಟ್ರಕ್ಕಿಗೆ ಹತ್ತಿ, ಡ್ರೈವರ್ ಪಕ್ಕದ ಜಾಗದಲ್ಲಿ ಕುಳಿತರು. ಖಾಲಿಯಿದ್ದ ಡ್ರೈವರ್ ಸೀಟು ಕಿರ್ರೆಂದು ತಗ್ಗಿತು. ನನ್ನತ್ತ ನೋಡಿ ಕಣ್ಣು ಮಿಟುಕಿಸಿ, ಅಜ್ಜಿ ಆ ಸೀಟಿನ ಕಡೆಗೆ ವಾಲಿದರು. ಅಲ್ಲಿ ಆಸರೆಗೆ ಏನೂ ಇರಲಿಲ್ಲ. ಆದರೂ ಅವರು ಬೀಳಲಿಲ್ಲ. ಅವರ ಬಿಳಿಗೂದಲು ಬರೀ ಗಾಳಿಗೆ ಒತ್ತಿಕೊಂಡು ಚಪ್ಪಟೆಯಾಗಿತ್ತು.