ಡಾಕ್ಟರು ಬಿಡಿಸದ ಕೈ

ಶಿವಮೊಗ್ಗದ ವಿದ್ಯಾನಗರದಲ್ಲಿ ಹಿಪ್ನಾಟಿಸಂ ಮಾಡುವ ಆ ಡಾಕ್ಟರ ಮನೆ ಹಾಳಾಗ! ಭದ್ರಾವತಿಯಲ್ಲಿ ಬ್ಲೌಸ್ ಹೊಲಿದು ಬದುಕುವ ನನಗೆ ಕತ್ತುನೋವು, ಸ್ಕ್ಯಾನ್ ಮಾಡಿಸಲೇಬೇಕಿತ್ತು. ಆದರೆ ಆ ಯಂತ್ರದ ಕೊಳವೆಯೊಳಗೆ ತಲೆ ಹೋಗುತ್ತಲೇ ಉಸಿರು ಕಟ್ಟಿ, ಎದೆ ಡವಗುಟ್ಟಿ, ಚೀರಿಕೊಂಡು ಎದ್ದು ಬರುತ್ತಿದ್ದೆ. ಅದಕ್ಕೇ ಅವನ ಹತ್ತಿರ ಹೋದೆ.

ಕಣ್ಣು ಮುಚ್ಚಿಸಿ, ಮೆತ್ತಗೆ ಮಾತಾಡುತ್ತಾ ನನ್ನನ್ನು ಅರೆನಿದ್ದೆಗೆ ಇಳಿಸಿದ. “ಇಕ್ಕಟ್ಟಾದ ಜಾಗಕ್ಕೆ ಹೆದರದೇ ಇರೋರನ್ನ ನೆನೆಸ್ಕೊಳ್ಳಿ ರುಬೀನಾ. ಅವರ ಕೈ ಹಿಡ್ಕೊಳ್ಳಿ,” ಅಂದ. ನನಗೆ ನೆನಪಾದದ್ದು ಖಬರಸ್ತಾನದ ಗೋರಿಯೊಳಗೆ ಮಲಗಿರುವ ನನ್ನ ನಾನಿ, ಅಮ್ಮನ ತಾಯಿ. ಬಲಗೈಗೆ ತಣ್ಣನೆಯ ಕೈಯೊಂದು ಸಿಕ್ಕಿತು. ಹಸಿ ಮಣ್ಣಿನ ವಾಸನೆ ಬಂತು.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. “ಸಾಕು, ಕಣ್ಣು ಬಿಡಿ,” ಎಂದವನೇ ಎದ್ದು ಹೋದ. ಕೈ ಬಿಡಿ ಅನ್ನಲೇ ಇಲ್ಲ, ದರಿದ್ರದವನು!

ಮರುದಿನ ಸ್ಕ್ಯಾನ್ ಕೋಣೆಯಲ್ಲಿ ಒಬ್ಬಳೇ ಮಲಗಿದೆ. ಒಂದು ಚೂರೂ ಭಯವಾಗಲಿಲ್ಲ. ಬಲಗೈ ಮಾತ್ರ ಮರಗಟ್ಟುವಷ್ಟು ತಣ್ಣಗಿತ್ತು. ಮತ್ತೆ ಅದೇ ಮಣ್ಣಿನ ವಾಸನೆ. ಗಾಜಿನಾಚೆ ಕೂತಿದ್ದ ಹುಡುಗಿ ಮೈಕಿನಲ್ಲಿ ರೇಗಿದಳು: “ಅಜ್ಜೀ, ನಿಮ್ಮನ್ನ ಒಳಗೆ ಬಿಟ್ಟಿದ್ಯಾರು? ಪೇಷಂಟ್ ಕೈ ಬಿಟ್ಟು ಹೊರಗೆ ಬನ್ನಿ!”

ಹಿಡಿತ ಇನ್ನೂ ಬಿಗಿಯಾಯಿತು.

ಡಾಕ್ಟರ ಹತ್ತಿರ ಹೋಗಿ ಕೂಗಾಡಿದೆ. “ಎಲ್ಲಾ ನಿಮ್ಮ ಭ್ರಮೆ ಕಣಮ್ಮಾ. ಭಯ ಹೋಯ್ತಲ್ಲ, ಇನ್ನೇನು ಬೇಕು?” ಎಂದು ನಕ್ಕ.

ಹೋಯಿತು, ನಿಜ. ನಾನು ಕತ್ತರಿ ಹಿಡಿಯದೆ ತಿಂಗಳಾಯಿತು. ಇದನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ.