ಎಡಗಾಲಿಯ ಸಪ್ಪಳ

ಬೇರಿಂಗ್ ಬದಲಿಸಿ ನಾಲ್ಕು ದಿನವಾಗಿರಲಿಲ್ಲ, ನಿರ್ಮಲಾಳ ಪಿಕಪ್ ಮತ್ತೆ ಫಕೀರೇಶನ ಗ್ಯಾರೇಜಿನ ಮುಂದೆ ಬಂದು ನಿಂತಿತು.

“ಸಪ್ಪಳ ಹೋಗಿಲ್ರಿ ಮೇಸ್ತ್ರಿ,” ಎಂದಳು. ಬಲಕ್ಕೆ ಹೊರಳಿಸಿದರೆ ಈಗಲೂ ಬೀಸುಕಲ್ಲು ತಿರುಗಿದಂತೆ ಗರಗರ ಎನ್ನುತ್ತದಂತೆ.

ಮಾಡಿದ ಕೆಲಸ ಕೆಟ್ಟಿದ್ದಕ್ಕೆ ಫಕೀರೇಶನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಅವಳ ಪಕ್ಕದಲ್ಲಿ ಕೂತು ಇನ್ನೊಂದು ಸುತ್ತು ಹೋಗಬಹುದು. ಹದಿನೈದು ದಿನ ಕಳೆದರೆ ಅವಳು ನರಗುಂದದ ಸೊಸೆ. ಎರಡು ವರ್ಷದಿಂದ ಎದೆಯಲ್ಲೇ ಇಟ್ಟುಕೊಂಡ ಮಾತನ್ನು ಹೇಳಲು ಇವತ್ತು ಬಿಟ್ಟರೆ ಮತ್ತೆ ದಿನವಿರಲಿಲ್ಲ.

ನಿರ್ಮಲಾ ಪ್ರಭುಲಿಂಗಪ್ಪನ ಮಗಳು. ಗಜೇಂದ್ರಗಡದ ಮಗ್ಗದ ಸೀರೆಗಳನ್ನು ರೋಣ, ನರೇಗಲ್ ಸಂತೆಗೆ ಒಯ್ಯುವ ಮನೆತನ. ಅಪ್ಪ ಕಾಲು ಮುರಿದುಕೊಂಡ ಮೇಲೆ ಸ್ಟೇರಿಂಗ್ ಅವಳ ಕೈಗೆ ಬಂತು. ಜೊತೆಗೆ ಅಪ್ಪನ ಕಟ್ಟಪ್ಪಣೆಯೂ ಬಂತು: ನಮ್ಮ ಗಾಡಿ ನಾವೇ ಓಡಿಸಬೇಕು, ಮೇಸ್ತ್ರಿಯ ಕೈಗೂ ಕೊಡಬಾರದು. ಹೀಗಾಗಿ ಪರೀಕ್ಷೆಗೆ ಹೊರಟಾಗಲೆಲ್ಲ ಅವಳು ಬಲಕ್ಕೆ, ಅವನು ಎಡಕ್ಕೆ. ಗ್ಯಾರೇಜಿಗೆ ಬರುವ ಹೆಣ್ಣುಮಕ್ಕಳನ್ನೆಲ್ಲ ‘ಅಕ್ಕಾರ’ ಎನ್ನುವ ಅವನ ಬಾಯಿ ಇವಳೆದುರು ಮಾತ್ರ ಕಟ್ಟುತ್ತಿತ್ತು. ಅದನ್ನು ಅವಳು ಎಂದೋ ಗಮನಿಸಿದ್ದಳು. ಕನ್ನಡಿಯಲ್ಲಿ ಅವನ ಕಣ್ಣು ಹಿಡಿದು, ಹುಬ್ಬು ಹಾರಿಸಿ, ತುಟಿಯೊಳಗೇ ನಗುತ್ತಿದ್ದಳು. ಎರಡು ತಿಂಗಳಿಂದ ಆ ಆಟ ನಿಂತಿತ್ತು. ಅವಳೀಗ ರಸ್ತೆಯನ್ನಷ್ಟೇ ನೋಡುತ್ತಿದ್ದಳು. ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ಫಕೀರೇಶ ಊರಿನಿಂದ ಒಂದು ಸಂಗತಿ ಮುಚ್ಚಿಟ್ಟಿದ್ದ. ಹದಿನೆಂಟರ ಹರೆಯದಲ್ಲಿ, ಗಾಳಿ ತುಂಬುತ್ತಿದ್ದ ಲಾರಿ ಟೈರು ಒಡೆದು ಅವನ ಎಡಗಿವಿ ಹೋಗಿತ್ತು. ಕಿವಿ ಹೋದರೇನು, ಕೈ ಇತ್ತಲ್ಲ. ಗಾಲಿ ಎತ್ತಿ ತಿರುಗಿಸಿ, ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟು ಬೇರಿಂಗಿನ ನಡುಕ ಹಿಡಿಯುವುದನ್ನು ಕಲಿತ. ಬಲಕ್ಕೆ ಹೊರಳುವಾಗ ಭಾರವೆಲ್ಲ ಎಡಗಾಲಿಯ ಮೇಲೆ ಬೀಳುತ್ತದೆ, ಆಗ ಸಪ್ಪಳ ಬಂದರೆ ಮೊದಲು ಎಡಗಾಲಿಯನ್ನೇ ನೋಡಬೇಕು ಎಂದು ಬೇರೆ ಮೇಸ್ತ್ರಿಗಳಿಗೆ ಪಾಠ ಹೇಳುತ್ತಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಡೆಗೆ ತಾನೇ ಬಾಣಲೆಗೆ ಬಿತ್ತು. ಮೊನ್ನೆ ಅವಳ ಪಕ್ಕ ಕೂತಾಗ ಅವನ ಒಂದೇ ಕಿವಿ ಅವಳ ಕಡೆಗಿತ್ತು. ಅವಳ ಬಳೆ ಕೇಳಿತು, ಉಸಿರು ಕೇಳಿತು, ಗರಗರವೂ ಅಲ್ಲಿಂದಲೇ ಕೇಳಿತು. ಕೈಯಿಟ್ಟು ನೋಡದೆ ಬಲಗಾಲಿಯ ಬೇರಿಂಗ್ ಬದಲಿಸಿಬಿಟ್ಟ.

ಗುಡ್ಡದ ಕೆಳಗಿನ ಬಯಲಲ್ಲಿ ಅವಳು ಗಾಡಿಯನ್ನು ಬಲಕ್ಕೆ ಸುತ್ತು ಹಾಕಿಸಿದಳು. ಸಪ್ಪಳ ಇವತ್ತೂ ಬಲಗಡೆಯಿಂದಲೇ ಎಂದ ಅವನು. ಅವಳು ಬ್ರೇಕ್ ಒತ್ತಿ ಅವನತ್ತ ತಿರುಗಿದಳು.

“ನಿಮ್ಮ ಕಿಟಕಿ ಹೊರಗ ಇಷ್ಟ ಗರಗರ ಅನ್ನಾಕತ್ತೈತಿ. ನಿಮಗ ಕೇಳವಲ್ದೇನ್ರಿ?”

ಗಾಡಿ ತಿರುಗಿಸಲು ಅವನು ಕೈಸನ್ನೆ ಮಾಡಿದ. ಗ್ಯಾರೇಜಿಗೆ ಮರಳಿದ ಮೇಲೆ ಜಾಕ್ ಹಚ್ಚಿ ಎಡಗಾಲಿ ಎತ್ತಿದ. ಒಂದು ಕೈಯಿಂದ ಗಾಲಿ ತಿರುಗಿಸಿ ಇನ್ನೊಂದನ್ನು ಸ್ಪ್ರಿಂಗಿನ ಮೇಲಿಟ್ಟ. ನಡುಕ ಮೊಳಕೈವರೆಗೆ ಏರಿತು. ಗಾಲಿ ಕಳಚಿ, ಸವೆದ ಬೇರಿಂಗ್ ತೆಗೆದು, ಹೊಸದಕ್ಕೆ ಗ್ರೀಸ್ ತುಂಬಿ ಕೂಡಿಸಿದ. ನಟ್ಟು ಬಿಗಿದು ತಲೆಯೆತ್ತಿದಾಗ ನಿರ್ಮಲಾ ಅವನ ಬಲಗಡೆಗೆ ಬಂದು ನಿಂತಿದ್ದಳು. ಕಣ್ಣು ತುಂಬಿತ್ತು.

“ಆ ಕಡಿ ನಿಂತು ಎರಡ ಸಲ ಕರದೆ,” ಎಂದಳು. “ನೀವು ಹೊರಳಲೇ ಇಲ್ಲ.”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಟೈರು ಒಡೆದದ್ದನ್ನು ಹೇಳಿದ. ಕಿವುಡ ಮೇಸ್ತ್ರಿ ಕಡೆ ಯಾರು ಗಾಡಿ ತರುತ್ತಾರೆಂದು ಸುಮ್ಮನಿದ್ದೆ ಎಂದ.

ಅವಳು ಪಿಕಪ್ಪಿನ ಬಾಗಿಲಿಗೆ ಒರಗಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಎರಡು ತಿಂಗಳ ಹಿಂದೆ, ಅವನು ಹೀಗೇ ಗಾಲಿಯ ಮುಂದೆ ಕೂತಿದ್ದಾಗ, ಅವನ ಎಡಕ್ಕೆ ನಿಂತು ಅವಳೊಂದು ಮಾತು ಕೇಳಿದ್ದಳು. ಹೆಣ್ಣಾಗಿ ತಾನೇ ಬಾಯಿಬಿಟ್ಟು ಕೇಳಿದ್ದಳು. ಅವನು ತಲೆ ಕೂಡ ಎತ್ತಲಿಲ್ಲ. ಒಲ್ಲೆ ಎನ್ನಲಾಗದೆ ಸುಮ್ಮನಿದ್ದಾನೆ ಎಂದುಕೊಂಡಳು. ಮರುವಾರ ನರಗುಂದದವರು ನೋಡಲು ಬಂದಾಗ ಹೂಂ ಎಂದುಬಿಟ್ಟಳು.

ನಟ್ಟು ಬಿಗಿದಿದ್ದ ಪಾನಾವನ್ನು ಫಕೀರೇಶ ನೆಲಕ್ಕಿಟ್ಟ. ಹತ್ತು ವರ್ಷ ಕಾಪಾಡಿದ ಮಾನ ಇಂಥದ್ದನ್ನು ಕಸಿದುಕೊಳ್ಳುತ್ತದೆಂದು ಅವನು ಎಣಿಸಿರಲಿಲ್ಲ.

“ಇನ್ನ ಹದಿನೈದ ದಿನ ಐತಲ್ರಿ,” ಎಂದ.

“ಎಲಿ ಅಡಕಿ ಆಗಿಹೋಗೈತ್ರಿ. ಬಡಗಿ ಊರಕೋತ ಅಪ್ಪ ನರಗುಂದಕ್ಕ ಹೋಗಿ ಮಾತು ಕೊಟ್ಟ ಬಂದಾನ. ನಾ ಹೂಂ ಅಂದಿದ್ದಕ್ಕ ಹೋದಾಂವ.”

ಅವನು ವಾದಿಸಲಿಲ್ಲ. ಊರುಗೋಲು ಹಿಡಿದು ಬಸ್ಸು ಹತ್ತಿಳಿಯುವ ಪ್ರಭುಲಿಂಗಪ್ಪನನ್ನು ಅವನೂ ನೋಡಿದ್ದ. ಕಡೆಗೆ ಒಂದನ್ನೇ ಬೇಡಿದ.

“ಅವತ್ತ ಏನ ಕೇಳಿದ್ರಿ, ಇನ್ನೊಮ್ಮಿ ಕೇಳ್ರಿ. ಈ ಕಡಿ.”

ನಿರ್ಮಲಾ ಹತ್ತಿರ ಬಂದಳು. ಬಗ್ಗಿದಳು. ಅವಳ ಬಿಸಿಯುಸಿರು ಅವನ ಬಲಗಿವಿಗೆ ತಗುಲಿತು.

“ನಮ್ಮ ಅಪ್ಪನ ಕಡೆ ಬಂದು ನನ್ನ ಕೇಳ್ತೀರೇನ್ರಿ?”

“ಬರ್ತೀನ್ರಿ,” ಎಂದ ಫಕೀರೇಶ, ಅವತ್ತಿನ ಆ ದಿನದಲ್ಲೇ ಕೂತವನಂತೆ. “ಇವತ್ತ ಬರ್ತೀನಿ.”

ಎರಡು ತಿಂಗಳು ಕಾದಿದ್ದ ಉತ್ತರ ಸಿಕ್ಕಿತೆಂಬಂತೆ ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು. ಬಹಳ ದಿನಗಳ ಮೇಲೆ ಕನ್ನಡಿಯಲ್ಲಿ ಅವನ ಕಣ್ಣು ಹಿಡಿದಳು. ಹುಬ್ಬು ಹಾರಿಸಲು ನೋಡಿದಳು, ಆಗಲಿಲ್ಲ. ಅವಳಿಗೆ ಹೋಗುವುದು ಹಗುರಾಗಲೆಂದು ಅವನು ‘ಅಕ್ಕಾರ’ ಎನ್ನಲು ಬಾಯಿ ತೆರೆದ. ಇವತ್ತೂ ಬಾಯಿ ಕಟ್ಟಿತು.

“ಹುಷಾರ ಹೋಗ್ರಿ,” ಎಂದನಷ್ಟೇ.

ಪಿಕಪ್ ರೋಣದ ರಸ್ತೆಗೆ ಬಲಕ್ಕೆ ಹೊರಳಿತು. ಫಕೀರೇಶ ಬಲಗಿವಿಯನ್ನು ರಸ್ತೆಯ ಕಡೆ ಮಾಡಿ ನಿಂತ. ಕೆಲಸ ಚೊಕ್ಕಟವಾಗಿ ಆಗಿತ್ತು. ಯಾವ ಸಪ್ಪಳವೂ ಬರಲಿಲ್ಲ.